ಕಾಕನಕೋಟೆಯ ಖೆಡ್ಡವೂ ಮೈಸೂರಿನ ಮೃಗಾಲಯವೂ

ಮೈಸೂರು ನಗರದ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಕುರಿತು ಬರೆಯುವವರು ಅದನ್ನು ಅರಮನೆ, ಕಾರಂಜಿಕೆರೆ, ದಸರಾ ಮಹೋತ್ಸವ ಇವುಗಳೊಡನೆ ಸೇರಿಸಿ ನಗರದ ಅಲಂಕಾರಗಳಲ್ಲೊಂದೆಂದು ವರ್ಣಿಸುವುದು ರೂಢಿಯಾಗಿದೆ. ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ ಕಪಿಲಾನದಿಯ ತೀರದಲ್ಲಿ ನಡೆಯುತ್ತಿದ್ದ ಕಾಕನಕೋಟೆಯ ಖೆಡ್ಡವನ್ನು ಕುರಿತು ಬರೆಯುವವರು ಅದನ್ನು ಬೇಟೆಯ ಪ್ರಕರಣಕ್ಕೆ ಸೇರಿಸುವರು. ಒಂದು ಊರಿನ ಸಂಗತಿ, ಇನ್ನೊಂದು ಕಾಡಿನ ಸಂಗತಿ ಎಂಬ ಈ ವಿಭಾಗವು ಮೇಲುನೋಟಕ್ಕೆ ಯುಕ್ತವಾಗಿ ತೋರಿದರೂ, ಇವೆರಡರ ಚರಿತ್ರೆಯನ್ನು ಒಟ್ಟಿಗೆ ಪರಾಮರ್ಶಿಸಿದಲ್ಲದೆ ಮೃಗಾಲಯದ ಉದ್ದೇಶವು ಯಾವಾಗ, ಏತಕ್ಕೆ ಬದಲಾಯಿಸಿತೆಂಬುದು ಸ್ಪಷ್ಟವಾಗಲಾರದು. ಒಂದೇ ರಾಜ್ಯವು ಒಂದೇ ಕಾಲದಲ್ಲಿ ಒಂದೇ ಭಾವನೆಯಿಂದ ನಡೆಸಿದ ಎರಡು ಕಾರ್ಯಗಳಿವು. ಒಂದು ನಿಂತುಹೋದ ಮೇಲೆ ಇನ್ನೊಂದು ಮೊದಲಿನಂತೆ ಉಳಿಯಲಿಲ್ಲ.

ಮೊದಲು ಶಬ್ದವನ್ನು ವಿಚಾರಿಸಬಹುದು. ಹುಡುಕು, ಅರಸು ಎಂಬರ್ಥದ ಧಾತುವಿನಿಂದ ಮೃಗಶಬ್ದವನ್ನು ವೈಯಾಕರಣರು ಸಾಧಿಸುತ್ತಾರೆ. ಅರಸಲ್ಪಡುವುದು ಯಾವುದೋ, ಬೇಟೆಗಾರನು ಬೆನ್ನಟ್ಟಿ ಹೋಗುವುದು ಯಾವುದೋ, ಅದು ಮೃಗ. ಹಳಗನ್ನಡದಲ್ಲಿ ಇದೇ ತದ್ಭವವಾಗಿ ಮಿಗವೆನಿಸಿತು. ಆದುದರಿಂದ ಮೃಗಾಲಯವೆಂಬ ಮಾತಿನೊಳಗೇ ಬೇಟೆಯ ವಾಸನೆಯು ಅಡಗಿದೆ. ಇಂಗ್ಲಿಷಿನವರು ತಮ್ಮ ಸಂಸ್ಥೆಗೆ ಪ್ರಾಣಿಶಾಸ್ತ್ರದ ಹೆಸರನ್ನಿಟ್ಟರು. ಕನ್ನಡಿಗರು ಅದನ್ನು ಮೃಗಗಳ ಮನೆಯೆಂದು ಕರೆದರು. ಹೆಸರಿನ ಈ ಭೇದವು ಅಕಸ್ಮಾತ್ತಾದುದಾದರೂ ಅರ್ಥವಿಲ್ಲದ್ದಲ್ಲ.

ಪ್ರಾಚೀನರು ಮೃಗಗಳನ್ನಿರಿಸುವ ಸ್ಥಳಗಳನ್ನು ಒಂದೇ ಹೆಸರಿನಿಂದ ಕರೆಯಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇವುಗಳ ವಿಭಾಗವು ಬಹು ಸ್ಫುಟವಾಗಿದೆ. ರಾಜನ ವಿಹಾರಕ್ಕಾಗಿ ಮೃಗವನವೊಂದನ್ನು ಮಾಡಿಸಬೇಕು. ಅದಕ್ಕೆ ಒಂದೇ ಬಾಗಿಲು, ಸುತ್ತಲೂ ಕಂದಕ, ಒಳಗೆ ಮುಳ್ಳಿಲ್ಲದ ಮರಗಳೂ ಸಿಹಿಹಣ್ಣಿನ ಪೊದೆಗಳೂ ಆಳವಿಲ್ಲದ ಕೊಳಗಳೂ ಇರಬೇಕು. ಪಳಗಿದ ಪ್ರಾಣಿಗಳನ್ನೂ, ಉಗುರು ಕೋರೆಗಳನ್ನು ಮುರಿದ ಕ್ರೂರಮೃಗಗಳನ್ನೂ ಅದರಲ್ಲಿ ಬಿಡಬೇಕು. ಇದಕ್ಕಿಂತ ಬೇರೆಯಾಗಿ ನಾಡಿನ ಅಂಚಿನಲ್ಲಿ ಎಲ್ಲ ಮೃಗಗಳನ್ನೂ ಅತಿಥಿಗಳಂತೆ ಕಾಣುವ ಇನ್ನೊಂದು ವನವಿರಬೇಕು. ಮೂರನೆಯದು ನಾಗವನ, ಎಂದರೆ ಆನೆಗಳ ಕಾಡು. ಅದಕ್ಕೆ ಪ್ರತ್ಯೇಕ ಅಧ್ಯಕ್ಷನೂ ವನಪಾಲಕರೂ ಉಂಟು. ಅಲ್ಲಿ ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ. ಮುಂದೆ ಸೂನಾಧ್ಯಕ್ಷನ ಪ್ರಕರಣದಲ್ಲಿ ಅಭಯವನವೆಂಬ ಮಾತು ಬರುತ್ತದೆ. ಅಭಯ ಪಡೆದ ಪ್ರಾಣಿಗಳನ್ನು ಕೊಲ್ಲುವುದೂ ಹಿಡಿಯುವುದೂ ದಂಡಾರ್ಹವೆಂದು ಹೇಳಿದ ಮೇಲೆ, ಅವುಗಳಲ್ಲಿ ಯಾವುವಾದರೂ ದುಷ್ಟವಾದರೆ ಅವನ್ನು ರಕ್ಷಿತಸ್ಥಾನದ ಹೊರಗೆ ಕೊಲ್ಲಬಹುದು ಅಥವಾ ಕಟ್ಟಿಹಾಕಬಹುದೆಂಬ ವಿಧಿಯೂ ಇದೆ. ಈ ಕೊನೆಯ ವಿಧಿಯನ್ನು ಮುಂದೆ ಸ್ಮರಿಸಬೇಕಾಗುವುದು.

ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಬಹುದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯು ಮೈಸೂರಿನ ಪ್ರಾಚ್ಯಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1905ರಲ್ಲಿ ಬೆಳಕಿಗೆ ಬಂದು, 1909ರಲ್ಲಿ ಮುದ್ರಿತವಾಯಿತು. ಅದೇ 1909ರಲ್ಲಿ ಅದೇ ನಗರದ ಮೃಗಾಲಯಕ್ಕೆ ಚಾಮರಾಜೇಂದ್ರ ಒಡೆಯರವರ ಹೆಸರಿಡಲಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮೃಗವನ, ನಾಗವನ, ಅಭಯವನಗಳ ಭೇದವನ್ನು ತಿಳಿಸುವ ಶಾಸ್ತ್ರವು ಮೃಗಾಲಯದಿಂದ ಬಹುದೂರವಿಲ್ಲದ ಕಟ್ಟಡದಲ್ಲಿ ಆಗ ಅಚ್ಚಿಗೆ ಸಿದ್ಧವಾಗುತ್ತಿತ್ತೆಂಬುದು ಸ್ಮರಣೀಯ.

ಇನ್ನು ಆನೆ ಹಿಡಿಯುವ ವಿಧಾನ. ಮಾತಂಗಲೀಲೆಯೆಂಬ ಗಜಶಾಸ್ತ್ರಗ್ರಂಥವು ಐದು ಮಾರ್ಗಗಳನ್ನು ಎಣಿಸುತ್ತದೆ: ಕಟ್ಟೆಯೊಳಕ್ಕೆ ಅಟ್ಟಿ ಹಿಡಿಯುವುದು, ಹೆಣ್ಣಾನೆಯಿಂದ ಮರುಳುಗೊಳಿಸಿ ಹಿಡಿಯುವುದು, ಬೆನ್ನಟ್ಟಿ ಹಿಡಿಯುವುದು, ಉರುಳಿನಿಂದ ಹಿಡಿಯುವುದು, ಗುಳಿಯಲ್ಲಿ ಕೆಡವುವುದು. ಕಡೆಯ ಎರಡರಿಂದ ಆನೆಗಳು ಸಾಯುವುದುಂಟಾದ ಕಾರಣ ಅವು ನಿಷಿದ್ಧ. ಮೊದಲನೆಯದಕ್ಕೆ ವಾರೀಬಂಧವೆಂದು ಹೆಸರು. ವಾರೀ ಎಂದರೆ ನೀರಲ್ಲ. ಆನೆಯನ್ನು ಕಟ್ಟುವ ಸ್ಥಳವೆಂದು ಅಮರಸಿಂಹನು ಅರ್ಥ ಹೇಳಿರುವನು. ಹಿಂದೂಸ್ತಾನಿಯಲ್ಲಿ ಅಟ್ಟು ಎಂಬರ್ಥದ ಧಾತುವಿನಿಂದ ಬಂದ ಖೆಡ್ಡವೆಂಬುದು ಈ ವಾರೀಬಂಧವೇ ಹೊರತು ಬೇರಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಶಾಸ್ತ್ರನಿಷಿದ್ಧವಾದ ಗುಳಿಯ ಕ್ರಮವೆಂಬುದು ಸೋಜಿಗದ ಮಾತು. ಅರ್ಥಶಾಸ್ತ್ರದ ಮತದಲ್ಲಿ ಹಿಡಿಯುವ ಕಾಲ ಗ್ರೀಷ್ಮ. ಹಿಡಿಯತಕ್ಕದ್ದು ಇಪ್ಪತ್ತು ವರ್ಷದ ಆನೆ. ಮರಿ, ರೋಗಿ, ಗಬ್ಬದ ಆನೆ, ಹಾಲೂಡುವ ಆನೆ ಇವುಗಳನ್ನು ಹಿಡಿಯಲಾಗದು. ಹಿಂಡಿಗೆ ಹಿಂಡನ್ನೇ ಅಟ್ಟಿ ತರುವ ಖೆಡ್ಡದಲ್ಲಿ ಈ ಕಡೆಯ ನಿಯಮವನ್ನು ಪಾಲಿಸುವುದು ಅಸಾಧ್ಯವಾಗಿದ್ದಿತು.

ಕಾಕನಕೋಟೆಯ ಕಾಡುಗಳಲ್ಲಿ ಹೈದರಾಲಿಯು ಖೆಡ್ಡವನ್ನು ಪ್ರಯತ್ನಿಸಿ ಸೋತು, ಇನ್ನಾರಿಗೂ ಇದು ಕೈಗೂಡದೆಂದು ಕಲ್ಲಿನ ಮೇಲೆ ಶಾಪವನ್ನು ಬರೆಯಿಸಿದನೆಂದು ಸ್ಯಾಂಡರ್ಸನ್ ತನ್ನ 1878ರ ಗ್ರಂಥದಲ್ಲಿ ಬರೆದಿರುವನು. ಈ ಸ್ಯಾಂಡರ್ಸನ್ ಮೈಸೂರಿನ ನೀರಾವರಿ ಇಲಾಖೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಆಗ ರಾಜ್ಯವು ಕಮಿಷನರ ಆಡಳಿತದಲ್ಲಿತ್ತು. 1873-74ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಅವನು ಮೊದಲು ಖೆಡ್ಡವನ್ನು ಸಾಧಿಸಿದನು. ತರುವಾಯ ಈ ಕಾರ್ಯದ ಮುಖ್ಯಸ್ಥಾನವು ಕಾಕನಕೋಟೆಗೆ ಬಂದಿತು. ಅಲ್ಲಿಂದ 1971ರವರೆಗೆ ರಾಜ್ಯದಲ್ಲಿ ನಡೆದ ಖೆಡ್ಡಗಳು ಒಟ್ಟು 36 ಎಂದು ಎಣಿಸುವರು.

ಕಾಕನಕೋಟೆಯ ಖೆಡ್ಡದ ವಿಶೇಷವು ನದಿಯಲ್ಲಿತ್ತು. ನೂರಾರು ಮಂದಿ ದಿನಗಟ್ಟಲೆ ಕಾಡನ್ನು ಬಳಸಿ ನಿಂತು, ಪಂಜು ತಮಟೆಗಳಿಂದ ಹಿಂಡನ್ನು ಮೆಲ್ಲಮೆಲ್ಲನೆ ಕಪಿಲೆಯ ಕಡೆಗೆ ನೂಕುವರು. ನದಿಯಲ್ಲಿಳಿದ ಹಿಂಡನ್ನು ಸಾಕಾನೆಗಳು ಹಿಂದಿನಿಂದ ಒತ್ತರಿಸಿ ಎದುರು ದಡಕ್ಕೆ ಏರಿಸುವುವು. ಅಲ್ಲಿ ಬಾಯಗಲವಾಗಿ ಕ್ರಮೇಣ ಕಿರಿದಾಗುವ ಬೇಲಿಯ ನಡುವೆ ನುಗ್ಗಿದ ಆನೆಗಳು, ದಪ್ಪ ಮರದ ಕಂಬಗಳನ್ನು ನೆಟ್ಟು ಕಂದಕ ತೋಡಿದ ದೊಡ್ಡಿಯನ್ನು ಹೊಗುತ್ತಲೇ, ಮೇಲೆ ಕಟ್ಟಿದ್ದ ತೂಗುಬಾಗಿಲಿನ ಹಗ್ಗವನ್ನು ಕಡಿದು ಕೆಳಗಿಳಿಸುವರು. ಬಳಿಕ ಸಾಕಾನೆಗಳ ಮರೆಯಲ್ಲಿ ಮಾವುತರು ಒಳಹೊಕ್ಕು ಒಂದೊಂದಾಗಿ ಕಾಲಿಗೂ ಕೊರಳಿಗೂ ಹಗ್ಗ ಹಾಕಿ ಹೊರಕ್ಕೆಳೆಯುವರು. ಎಲ್ಲಕ್ಕಿಂತ ಅಪಾಯಕರವಾದ ಈ ಕೆಲಸವನ್ನೂ, ಕಾಡಿನಲ್ಲಿ ಹಿಂಡಿನ ಜಾಡು ಹಿಡಿಯುವ ಕೆಲಸವನ್ನೂ ಮಾಡುತ್ತಿದ್ದವರಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಮುಖ್ಯರು. ಹಗ್ಗದ ಹುಣ್ಣಿನಿಂದಲೂ ಬೆದರಿಕೆಯಿಂದಲೂ ಸಾಯುತ್ತಿದ್ದ ಆನೆಗಳುಂಟು. ಮರಿಗಳು ತಾಯಿಗಳಿಂದ ಅಗಲುತ್ತಿದ್ದುದೂ ಉಂಟು.

ಇದೆಲ್ಲವನ್ನೂ ನೋಡಲು ಮಂಚಿಕೆಗಳನ್ನು ಕಟ್ಟಿಸಿ ಅತಿಥಿಗಳನ್ನು ಕುಳ್ಳಿರಿಸುತ್ತಿದ್ದರು. ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾದ ವೇಲ್ಸ್ ರಾಜಕುಮಾರನು 1906ರಲ್ಲಿ ಮೈಸೂರಿಗೆ ಬಂದಾಗ ಖೆಡ್ಡವನ್ನು ನೋಡಿದನು. ಅವನ ಮಗನೂ 1922ರಲ್ಲಿ ನೋಡಿದನು. ಸಮೀಪದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ಎಂಬ ಬಾಲಕನು 1937ರಲ್ಲಿ ಹೊರಬಂದ ಆನೆಯ ಹುಡುಗನ ಕಥೆಯ ಇಂಗ್ಲಿಷ್ ಚಲಚ್ಚಿತ್ರದಿಂದ ಜಗತ್ಪ್ರಸಿದ್ಧನಾದನು. ಹಿಡಿದ ಆನೆಗಳಲ್ಲಿ ಕೆಲವು ಅರಮನೆಗೆ, ಕೆಲವು ಅರಣ್ಯ ಇಲಾಖೆಯ ಮರ ಸಾಗಿಸುವ ಕೆಲಸಕ್ಕೆ; ಮಿಕ್ಕವು ಮಾರಾಟಕ್ಕೆ. ಹೀಗೆ ಖೆಡ್ಡವು ಬೊಕ್ಕಸಕ್ಕೆ ಆದಾಯ, ದೊರೆಗೆ ವೈಭವ, ಅತಿಥಿಗೆ ಕೌತುಕ ಈ ಮೂರನ್ನೂ ಒದಗಿಸುತ್ತಿದ್ದಿತು. ಹುಣಸೂರಿನ ಅಮೃತಮಹಲ್ ದನಗಳಂತೆ ಆನೆಯೂ ಸಂಸ್ಥಾನದ ಸಂಪತ್ತೆಂದೇ ಗಣಿತವಾಗಿದ್ದಿತು.

ಮೃಗಾಲಯವು ಹುಟ್ಟಿದುದು ಈ ಮನೋಭಾವದ ನಡುವೆಯೇ. 1892ರಲ್ಲಿ ಚಾಮರಾಜೇಂದ್ರ ಒಡೆಯರವರು ತಮ್ಮ ಸ್ವಂತ ಆಸ್ತಿಯಲ್ಲಿ ಸುಮಾರು 10 ಎಕರೆ ನೆಲವನ್ನು ಇದಕ್ಕಾಗಿ ಬಿಟ್ಟುಕೊಟ್ಟರು. ಆಗ ಅದರ ಹೆಸರು ಖಾಸ್ ಬಂಗಲೆ. ಖಾಸ್ ಎಂದರೆ ಸ್ವಂತದ್ದು. ಈ ಹೆಸರಿಗಿಂತ ಹೆಚ್ಚಾಗಿ ಅದರ ಮೊದಲ ಉದ್ದೇಶವನ್ನು ವಿವರಿಸಬೇಕಾದುದಿಲ್ಲ. ಅದು ಕೌಟಿಲ್ಯನು ಹೇಳಿದ ರಾಜವಿಹಾರದ ಮೃಗವನ. ಮಹಾರಾಜರವರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಿವಂಗತರಾದರು. ಮುಂದಿನ ವರ್ಷಗಳಲ್ಲಿ ಈ ಸ್ಥಳವು ಸುಮಾರು 45 ಎಕರೆಗೆ ಬೆಳೆದು, ನಾಲ್ವಡಿ ಕೃಷ್ಣರಾಜ ಒಡೆಯರವರು ಅಧಿಕಾರವನ್ನು ವಹಿಸಿಕೊಂಡ 1902ನೆಯ ಇಸವಿಯಲ್ಲಿಯೇ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು.

ಯೂರೋಪಿನಲ್ಲಿಯೂ ಇದೇ ಕ್ರಮವು ಕಾಣುತ್ತದೆ. ವಿಯೆನ್ನಾ ನಗರದಲ್ಲಿ 1752ರಲ್ಲಿ ಚಕ್ರವರ್ತಿಯು ತನ್ನ ಅರಮನೆಯ ತೋಟದಲ್ಲಿ ಪ್ರಾಣಿಗಳನ್ನಿರಿಸಿದನು. ಪ್ಯಾರಿಸ್ಸಿನಲ್ಲಿ ರಾಜನ ಪ್ರಾಣಿಗಳು ಕ್ರಾಂತಿಯಾದ ಮೇಲೆ 1793ರಲ್ಲಿ ಜನರ ಸೊತ್ತಾದುವು. ಲಂಡನ್ನಿನ ವಿದ್ವತ್ಸಂಘದ ಮೃಗೋದ್ಯಾನವು 1828ರಲ್ಲಿ ಸದಸ್ಯರಿಗೂ 1847ರಲ್ಲಿ ಸರ್ವರಿಗೂ ತೆರೆಯಿತು. ಕಲ್ಕತ್ತೆಯದು 1876ರದು. ವಿಯೆನ್ನಾದಲ್ಲಿ ಒಡೆತನ, ಪ್ಯಾರಿಸ್ಸಿನಲ್ಲಿ ಕ್ರಾಂತಿ, ಲಂಡನ್ನಿನಲ್ಲಿ ಶಾಸ್ತ್ರ. ಮೈಸೂರಿನಲ್ಲಾದರೋ ಅರಸನ ಔದಾರ್ಯವೇ ಬಾಗಿಲನ್ನು ತೆರೆಯಿತು. ನೋಡುವವರು ಬದಲಾದರೇ ಹೊರತು ನೋಡುವ ರೀತಿ ಬದಲಾಗಲಿಲ್ಲ. ಅರಸನು ನೋಡುತ್ತಿದ್ದುದನ್ನು ಪ್ರಜೆಯೂ ನೋಡತೊಡಗಿದನು. 1907ರಲ್ಲಿ ಹ್ಯಾಂಬರ್ಗಿನ ಬಳಿ ಹಾಗೆನ್‌ಬೆಕ್ ಎಂಬವನು ಸರಳುಗಳನ್ನು ತೆಗೆದು ಕಂದಕಗಳಿಂದ ಪ್ರಾಣಿಗಳನ್ನು ಬೇರ್ಪಡಿಸಿದುದನ್ನು ಹೊಸ ಶೋಧನೆಯೆಂದು ಜಗತ್ತು ಕೊಂಡಾಡಿತು. ಕಂದಕದಿಂದ ರಕ್ಷಿತವಾದ ಮೃಗವನವನ್ನು ಅರ್ಥಶಾಸ್ತ್ರವು ಎಂದೋ ವಿಧಿಸಿತ್ತೆಂದು ಪಂಡಿತರು ಹೆಮ್ಮೆಪಡುವುದುಂಟು. ಆದರೆ ಆ ವನದ ಮೃಗಗಳಿಗೆ ಉಗುರೂ ಕೋರೆಯೂ ಇರಲಿಲ್ಲವೆಂಬುದನ್ನು ಮರೆತು ಹೆಮ್ಮೆಪಡುವುದು ಸರಿಯಲ್ಲ.

1948ರಲ್ಲಿ ಮೃಗಾಲಯವು ಅರಮನೆಯಿಂದ ಸರ್ಕಾರದ ಉದ್ಯಾನಗಳ ಇಲಾಖೆಗೆ ಸೇರಿತು. ಹೂವಿನ ತೋಟಗಳ ಇಲಾಖೆಗೆ ಹುಲಿಸಿಂಹಗಳನ್ನು ಒಪ್ಪಿಸಿದುದರಿಂದಲೇ ಆಗಿನವರ ಎಣಿಕೆಯನ್ನು ತಿಳಿಯಬಹುದು. ಆನೆಯಾದರೋ ಆ ಕಾಲದಲ್ಲಿ ರಾಜಕಾರ್ಯಕ್ಕೂ ಬಂದಿತು. ಟೋಕಿಯೋ ನಗರದ ಉಯೆನೋ ಮೃಗಾಲಯದ ಆನೆಗಳನ್ನು ಯುದ್ಧಕಾಲದಲ್ಲಿ, 1943ರಲ್ಲಿ, ಉಪವಾಸವಿಟ್ಟು ಕೊಂದಿದ್ದರು. ಯುದ್ಧವು ಮುಗಿದ ಮೇಲೆ ಆ ನಗರದ ಮಕ್ಕಳು ಆನೆಯನ್ನು ಬೇಡಿ ಬರೆದ ಪತ್ರಗಳಿಗೆ ಉತ್ತರವಾಗಿ ಜವಾಹರಲಾಲ್ ನೆಹರೂ ಅವರು 1949ರಲ್ಲಿ ಮೈಸೂರು ಸೀಮೆಯ ಹೆಣ್ಣಾನೆಯೊಂದನ್ನು ತಮ್ಮ ಮಗಳ ಹೆಸರಿಟ್ಟು ಕಳುಹಿಸಿದರು. ಅದು ಬಲ್ಲ ಆಜ್ಞೆಗಳು ಕನ್ನಡದವಾಗಿದ್ದುದರಿಂದ ಜೊತೆಯಲ್ಲಿ ಹೋದ ಮಾವುತರು ಜಪಾನಿನ ಪಾಲಕರಿಗೆ ಆ ಮಾತುಗಳನ್ನು ಕಲಿಸಬೇಕಾಯಿತು. ಆ ಆನೆಯು 1983ರಲ್ಲಿ ಅಲ್ಲಿಯೇ ಸತ್ತಿತು. ಮಕ್ಕಳ ಸಂತೋಷಕ್ಕಾಗಿ ನಡೆದ ಈ ಕಾರ್ಯವನ್ನು ನಿಂದಿಸಲಾಗದು. ಆದರೆ ಒಂದು ಆನೆಯು ತನ್ನ ಜಾತಿಯ ಹಿಂಡನ್ನು ಬಿಟ್ಟು ಸಾಗರದಾಚೆ ಬಾಳಬೇಕಾದುದನ್ನು ಆಗ ಯಾರೂ ಪ್ರಶ್ನೆಯೆಂದು ಭಾವಿಸಲಿಲ್ಲವೆಂಬುದನ್ನು ಗಮನಿಸಬೇಕು.

ಬದಲಾವಣೆಯು ಬಂದುದು ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ. 1971ರಲ್ಲಿ ಕಾಕನಕೋಟೆಯಲ್ಲಿ ಕಡೆಯ ಖೆಡ್ಡವು ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಶಾಸನವು ಅಂಗೀಕೃತವಾಯಿತು. ಅದೇ ವರ್ಷ ಮೃಗಾಲಯವು ಉದ್ಯಾನಗಳ ಇಲಾಖೆಯನ್ನು ಬಿಟ್ಟು ಅರಣ್ಯ ಇಲಾಖೆಗೆ ಬಂದಿತು. 1974ರಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು ಮುಗಿದು, ಖೆಡ್ಡವು ನಡೆಯುತ್ತಿದ್ದ ನದೀತೀರವು ಜಲಾಶಯದಲ್ಲಿ ಮುಳುಗಿತು. 1977ರಲ್ಲಿ ಆನೆಯು ಆ ಶಾಸನದ ಮೊದಲನೆಯ ಅನುಸೂಚಿಗೆ ಸೇರಿತು. ಮಾಸ್ತಿಯವರು 1938ರಲ್ಲಿ ನಾಟಕಕ್ಕೆ ವಸ್ತುವಾಗಿಸಿಕೊಂಡ ಕಾಕನಕೋಟೆಯು ಈಗ ಅರಣ್ಯವಲಯದ ಹೆಸರಾಗಿ ಉಳಿದಿದೆ. ಆ ಕಾಡು ನಾಗರಹೊಳೆಯ ರಕ್ಷಿತಾರಣ್ಯದಲ್ಲಿ ಸೇರಿಹೋಯಿತು. ನಾಗಶಬ್ದಕ್ಕೆ ಹಾವೆಂದೂ ಆನೆಯೆಂದೂ ಎರಡರ್ಥ. ಹೊಳೆಯ ಹೆಸರಿನಲ್ಲಿರುವುದು ಹಾವೇ; ಆದರೂ ಕೌಟಿಲ್ಯನ ನಾಗವನಕ್ಕೆ ಅನ್ವರ್ಥವಾದ ಹೆಸರು ಆ ಕಾಡಿಗೆ ತಾನಾಗಿ ಒದಗಿದಂತಾಯಿತು.

ಹೀಗೆ ಕಾಡಿನಿಂದ ಪ್ರಾಣಿಗಳನ್ನು ಊರಿಗೆ ತರುವ ದಾರಿಯು ಶಾಸನದಿಂದ ಮುಚ್ಚಿತು. ಆಗ ಮೃಗಾಲಯವು ತನ್ನ ಇರವಿಗೆ ಬೇರೊಂದು ಕಾರಣವನ್ನು ಹೇಳಬೇಕಾಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರವು ಏರ್ಪಟ್ಟು ಅದರ ಆಡಳಿತವನ್ನು ವಹಿಸಿಕೊಂಡಿತು. 1992ರಲ್ಲಿ ಮೈಸೂರಿನ ಮೃಗಾಲಯಕ್ಕೆ ನೂರು ವರ್ಷ ತುಂಬಿದಾಗಲೇ ದೇಶದ ಮೃಗಾಲಯಗಳನ್ನೆಲ್ಲ ಪರೀಕ್ಷಿಸಿ ಮಾನ್ಯತೆ ಕೊಡುವ ಕೇಂದ್ರ ಪ್ರಾಧಿಕಾರವೂ ಹುಟ್ಟಿತು. 1998ರ ರಾಷ್ಟ್ರೀಯ ಮೃಗಾಲಯ ನೀತಿಯು ವನ್ಯಜೀವಿಗಳ ಸಂರಕ್ಷಣೆಗೆ ನೆರವಾಗುವುದೇ ಮೃಗಾಲಯದ ಮುಖ್ಯಪ್ರಯೋಜನವೆಂದು ಸಾರಿತು. ಈಗ ಪ್ರಾಣಿಗಳು ಬರುವುದು ಬಹುಮಟ್ಟಿಗೆ ಇತರ ಮೃಗಾಲಯಗಳೊಡನೆ ವಿನಿಮಯದಿಂದ. 1995ರಲ್ಲಿ ಡಬ್ಲಿನ್ನಿನಿಂದ ಬಂದ ಪೋಲೋ ಎಂಬ ಗೊರಿಲ್ಲವು ಜೊತೆಯಿಲ್ಲದೆ ಬಾಳಿ 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಗಳನ್ನು ಜೊತೆಯಾಗಿಯೇ ತರಿಸಿದರು. ಒಂಟಿಯಾಗಿ ಇಡಲಾಗದೆಂಬ ಈ ಎಚ್ಚರವು ಹೊಸ ಕಾಲದ್ದು. 2004ರಲ್ಲಿ ಆನೆಗಳು ವಿಷಪ್ರಯೋಗದ ಶಂಕೆಗೆ ಎಡೆಗೊಡುವಂತೆ ಸತ್ತುದು, 2017ರಲ್ಲಿ ಹಕ್ಕಿಜ್ವರದಿಂದ ಸುಮಾರು ಒಂದು ತಿಂಗಳು ಬಾಗಿಲು ಮುಚ್ಚಿದುದು, 2020ರ ಮಹಾಮಾರಿಯಲ್ಲಿ ಪ್ರವೇಶದ ಹಣವೇ ನಿಂತು ಮೇವಿಗೆ ದಾನಿಗಳನ್ನು ಬೇಡಬೇಕಾದುದು, ಇವೆಲ್ಲ ಈ ಹೊಸ ಹೊಣೆಯ ಭಾರವನ್ನು ತೋರಿಸುತ್ತವೆ. ನೋಡಲು ಬಂದವನ ಕಾಸಿನಿಂದಲೇ ಪ್ರಾಣಿಗಳ ಹೊಟ್ಟೆ ತುಂಬಬೇಕಾಗಿರುವವರೆಗೆ, ನೋಟವು ಗೌಣ, ಸಂರಕ್ಷಣೆಯು ಪ್ರಧಾನವೆಂಬ ನೀತಿಯು ಪೂರ್ತಿಯಾಗಿ ಆಚರಣೆಗೆ ಬರುವುದು ಕಷ್ಟ.

ಮೃಗಾಲಯದ ಬದಲಾದ ಸ್ವರೂಪವು ಸ್ಪಷ್ಟವಾಗಿ ಕಾಣುವುದು ನಗರದ ಮೃಗಾಲಯದಲ್ಲಿಯಲ್ಲ. ಊರ ಹೊರಗೆ ಕೂರ್ಗಳ್ಳಿಯಲ್ಲಿ ಅದಕ್ಕೆ ಸೇರಿದ ಪುನರ್ವಸತಿ ಕೇಂದ್ರದಲ್ಲಿ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಸರ್ಕಸ್ಸಿನಲ್ಲಿ ಆಡಿಸಕೂಡದೆಂಬ 1998ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎತ್ತಿಹಿಡಿದ ಮೇಲೆ ಆಶ್ರಯ ತಪ್ಪಿದ ಪ್ರಾಣಿಗಳಿಗೆ ಇಂತಹ ಸ್ಥಳಗಳು ಬೇಕಾದುವು. ಹೆಗ್ಗಡದೇವನಕೋಟೆ, ಹುಣಸೂರು ಮೊದಲಾದ ಕಡೆಗಳಲ್ಲಿ ಕಾಡಂಚಿನ ಹಳ್ಳಿಗಳಿಗೆ ನುಗ್ಗಿ ಸೆರೆಸಿಕ್ಕ ಹುಲಿಗಳು ಬಂದು ಸೇರುವುದೂ ಇಲ್ಲಿಗೇ. ಇಲ್ಲಿ ನೋಟಕರಿಗೆ ಪ್ರವೇಶವಿಲ್ಲ. ಅಭಯವನದಲ್ಲಿ ದುಷ್ಟವಾದ ಪ್ರಾಣಿಯನ್ನು ಹೊರತಂದು ಕಟ್ಟಿಹಾಕಬೇಕೆಂಬ ವಿಧಿಯನ್ನು ಮೇಲೆ ಹೇಳಿದೆಯಷ್ಟೆ. ಅದೇ ಈಗ ಕಾರ್ಯರೂಪಕ್ಕೆ ಬಂದಂತಿದೆ. ಆದರೆ ಶಾಸ್ತ್ರಕಾರನ ದುಷ್ಟಶಬ್ದವು ಇಲ್ಲಿ ಅಷ್ಟು ಸುಲಭವಾಗಿ ಅನ್ವಯಿಸದು. ಮುದಿತನದಿಂದಲೋ ಗಾಯದಿಂದಲೋ ತನ್ನ ಎಡೆಯನ್ನು ಬೇರೊಂದು ಹುಲಿಗೆ ಬಿಟ್ಟುಕೊಟ್ಟು ದನದ ಕೊಟ್ಟಿಗೆಗೆ ಬಂದ ಹುಲಿಯ ದೋಷವೇನು? ದನವನ್ನೋ ಮನೆಯವನನ್ನೋ ಕಳೆದುಕೊಂಡ ರೈತನಿಗೆ ಈ ಪ್ರಶ್ನೆಯನ್ನು ಕೇಳುವುದು ಮರ್ಯಾದೆಯಲ್ಲ. ಎರಡು ಮಾತೂ ನಿಜವಾಗಿರುವುದರಿಂದಲೇ ಕೂರ್ಗಳ್ಳಿಯಂತಹ ಸ್ಥಳವು ಅವಶ್ಯವಾಗಿದೆ. ಹಿಂದೆ ಮೃಗಾಲಯವು ಕಾಡಿನಿಂದ ಆರಿಸಿ ತಂದುದನ್ನು ತೋರಿಸುತ್ತಿದ್ದಿತು. ಈಗ ಕಾಡು ಇರಿಸಿಕೊಳ್ಳಲಾರದುದನ್ನು ನೋಟದಿಂದ ಮರೆಯಾಗಿ ಸಾಕುತ್ತದೆ.

ಆನೆಯ ವಿಷಯವು ಇನ್ನೂ ಜಟಿಲ. ಮೃಗಾಲಯ ಸರ್ಕಸ್ಸುಗಳಲ್ಲಿರುವ ಆನೆಗಳನ್ನೆಲ್ಲ ಕಾಡಿನ ಶಿಬಿರಗಳಿಗೆ ಕಳುಹಿಸಬೇಕೆಂದು ಕೇಂದ್ರ ಪ್ರಾಧಿಕಾರವು 2009ರಲ್ಲಿ ಆಜ್ಞಾಪಿಸಿತು. ದಿನವೂ ಹಲವು ಮೈಲಿ ನಡೆಯುವ, ಹಿಂಡಿನಲ್ಲಿ ಬಾಳುವ ಪ್ರಾಣಿಗೆ ಊರಿನ ಆವರಣವು ಸಾಲದೆಂಬುದು ಅದರ ಅಭಿಪ್ರಾಯ. ಆ ಆಜ್ಞೆಯು ಎಲ್ಲೆಡೆಯಲ್ಲಿಯೂ ಪೂರ್ತಿಯಾಗಿ ನಡೆಯಲಿಲ್ಲ. ಮೈಸೂರಿನಲ್ಲಿಯೂ ಆನೆಗಳು ಉಳಿದುವು. ಖೆಡ್ಡವು ನಿಂತರೂ ಆನೆ ಹಿಡಿಯುವುದು ನಿಲ್ಲಲಿಲ್ಲ. ಅರಿವಳಿಕೆಯ ಮದ್ದನ್ನು ಬಂದೂಕದಿಂದ ಹೊಡೆದು, ಸಾಕಾನೆಗಳ ಸಹಾಯದಿಂದ ಒಂದೊಂದಾಗಿ ಹಿಡಿಯುವ ಕ್ರಮವು ಅದರ ಬದಲಿಗೆ ಬಂದಿತು. ಈಗ ಹಿಡಿಯುವುದು ಆದಾಯಕ್ಕಾಗಿಯಲ್ಲ, ಬೆಳೆಯನ್ನೂ ಜನರನ್ನೂ ಉಳಿಸುವುದಕ್ಕಾಗಿ. ಹಾಸನದ ಆಲೂರು ಕಡೆಯಲ್ಲಿ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದುದು ಈ ಕಾರಣದಿಂದಲೇ.

ಕಾಕನಕೋಟೆಯ ಕಾಡಿನಲ್ಲಿ 1968ರ ಖೆಡ್ಡದಲ್ಲಿ ಸಿಕ್ಕ ಆನೆಗಳಲ್ಲಿ ಅರ್ಜುನನೆಂಬುದು ಒಂದು. ಹೆಗ್ಗಡದೇವನಕೋಟೆಯ ತಾಲ್ಲೂಕಿನ ಬಳ್ಳೆಯ ಶಿಬಿರದಲ್ಲಿ ಅದು ಬಾಳಿತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಾಮುಂಡೇಶ್ವರಿಯ ಚಿನ್ನದ ಅಂಬಾರಿಯನ್ನು ಹೊತ್ತು ಮೈಸೂರಿನ ರಾಜಬೀದಿಯಲ್ಲಿ ನಡೆಯಿತು. ಮೃಗಾಲಯದ ಸರಳುಗಳ ಹಿಂದೆ ನೋಡಿದುದಕ್ಕಿಂತ ಹೆಚ್ಚು ಮಂದಿ ಅದನ್ನು ಬೀದಿಯಲ್ಲಿ ನೋಡಿರಬೇಕು. ವಯಸ್ಸಾದ ಕಾರಣ ಅಂಬಾರಿಯಿಂದ ಬಿಡುಗಡೆ ಹೊಂದಿದ ಮೇಲೆಯೂ ಕಾಡಾನೆಗಳನ್ನು ಹಿಡಿಯುವ ಕೆಲಸದಿಂದ ಅದಕ್ಕೆ ಬಿಡುಗಡೆ ದೊರೆಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಅಂತಹ ಕಾರ್ಯಾಚರಣೆಯ ಮಧ್ಯೆ ಮೇಲೆ ಬಿದ್ದ ಕಾಡಾನೆಯೊಡನೆ ಹೋರಾಡಿ ಅದು ಸತ್ತಿತು. ಅದನ್ನು ಅಲ್ಲಿಯೇ ಹೂಳಿದರು. ದಸರೆಯಲ್ಲಿ ಕಂಡವರೂ ಕಾಣದವರೂ ಶೋಕಿಸಿದರು. ಆ ಆನೆಯನ್ನು ಹಿಡಿದ ಖೆಡ್ಡದ ನೆಲವು ಆಗಲೇ ನೀರಿನಡಿಯಲ್ಲಿ ಅರ್ಧಶತಮಾನವನ್ನು ಕಳೆಯುತ್ತ ಬಂದಿತ್ತು.